ಪ್ರತಿಭಟನೆಗೂ ಮತ್ತಿಕೆರೆಯಲ್ಲಿ ಒಂದು ಜಾಗ ಬೇಕು

ಬೆಂಗಳೂರಿನಲ್ಲಿ ಧರಣಿ, ಮೆರವಣಿಗೆ, ಪ್ರತಿಭಟನಾ ಸಭೆಗಳಿಗೆ ಕಾನೂನು ಒಪ್ಪಿರುವ ಜಾಗ ಒಂದೇ, ಅದು ಫ್ರೀಡಂ ಪಾರ್ಕ್. 2021ರ ಮಾರ್ಚ್‌ನಲ್ಲಿ ಒಂದು ಮೆರವಣಿಗೆಯಿಂದಾಗಿ ನಗರದ ನಡುಭಾಗದಲ್ಲಿ ವಾಹನಗಳು ಅಲುಗಾಡದೆ ನಿಂತಾಗ ಹೈಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅದರ ಬೆನ್ನಿಗೇ ಪ್ರತಿಭಟನೆಗಳಿಗೆ ಪರವಾನಗಿ ಮತ್ತು ನಿಯಂತ್ರಣದ ಆದೇಶ ಬಂತು. ಆ ಉದ್ಯಾನವೊಂದನ್ನು ಬಿಟ್ಟು ಬೇರೆಲ್ಲೂ ಪ್ರತಿಭಟನೆ ನಡೆಯದಂತೆ ನೋಡಿಕೊಳ್ಳಬೇಕೆಂದು 2022ರಲ್ಲಿ ಹೈಕೋರ್ಟು ಸರ್ಕಾರಕ್ಕೆ ಸೂಚಿಸಿತು. ಒಂದು ಕೋಟಿಗೂ ಮಿಕ್ಕಿದ ಜನರಿರುವ ಊರಿನ ಅಸಮಾಧಾನವೆಲ್ಲ ಹಳೆಯ ಜೈಲಿನ ಕಾಂಪೌಂಡಿನೊಳಗೆ ಹಿಡಿಸಬೇಕು ಎಂಬುದು ಇದರ ಒಟ್ಟರ್ಥ. ಈ ನಿಯಮವನ್ನು ಸಡಿಲಿಸಿ ಮತ್ತಿಕೆರೆಯಂಥ ಬಡಾವಣೆಗಳಲ್ಲೂ ಪ್ರತಿಭಟನೆಗೆ ಗೊತ್ತಾದ ಜಾಗ, ಗೊತ್ತಾದ ಹೊತ್ತು ನಿಗದಿಯಾಗಬೇಕೆಂದು ಒತ್ತಾಯಿಸಲು ಇಲ್ಲಿನ ನಾಗರಿಕರು ಮುಂದಾಗಬೇಕೆಂಬುದು ಈ ಮನವಿ.

ಜೈಲು ಎಂದದ್ದು ಅಲಂಕಾರಕ್ಕಲ್ಲ. 2008ರಲ್ಲಿ ಉದ್ಯಾನವಾಗಿ ತೆರೆಯುವ ಮೊದಲು ಅದು ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿಯವರನ್ನು ಅಲ್ಲಿಟ್ಟಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಲ್ಲಿಯೇ ಅಸ್ತಮಾದಿಂದ ಜರ್ಜರಿತರಾಗಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಮತ್ತಿಕೆರೆಯ ಜನ ದಿನಾ ಬೆಳಿಗ್ಗೆ ವಾಕಿಂಗ್ ಮಾಡುವ ಜೆ.ಪಿ. ಪಾರ್ಕ್ ಇರುವುದು ಅದೇ ಕಾಲದಲ್ಲಿ ಸೆರೆಯಾದ ಜಯಪ್ರಕಾಶ್ ನಾರಾಯಣರ ಹೆಸರಿನಲ್ಲಿ. ಹೆಸರಿಡುವುದರಲ್ಲಿ ನಗರಕ್ಕೆ ಎಂದೂ ಜಿಪುಣತನವಿಲ್ಲ.

ಕಾನೂನಿನ ನಿಲುವು ಹೀಗಿದೆ. ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನೂ, ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ಕೊಡುತ್ತದೆ; ಸಾರ್ವಜನಿಕ ಸುವ್ಯವಸ್ಥೆಯ ಸಲುವಾಗಿ ಯುಕ್ತ ನಿರ್ಬಂಧ ಹೇರಲು ಅವಕಾಶವನ್ನೂ ಇಟ್ಟಿದೆ. ಬೀದಿಯಲ್ಲಿ ಸಭೆ ನಡೆಸಲು ಅಹಮದಾಬಾದಿನ ಪೊಲೀಸ್ ಕಮಿಷನರ್ ಅನುಮತಿ ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1972ರಲ್ಲಿ ತೀರ್ಪಿತ್ತು, ಬೀದಿಯ ಸಭೆಗಳನ್ನು ನಿಯಂತ್ರಿಸಬಹುದು, ಆದರೆ ಪೂರ್ತಿಯಾಗಿ ಮುಚ್ಚಿಹಾಕುವ ಹಾಗಿಲ್ಲ ಎಂದಿತು. ದೆಹಲಿಯ ಶಾಹೀನ್ ಬಾಗ್ ಧರಣಿಯ ಬಗ್ಗೆ ಅದೇ ನ್ಯಾಯಾಲಯ 2020ರಲ್ಲಿ ಕೊಟ್ಟ ತೀರ್ಪು ಇನ್ನೊಂದು ತುದಿಯನ್ನು ಗುರುತಿಸಿತು: ಸಾರ್ವಜನಿಕ ರಸ್ತೆಯನ್ನು ಎಷ್ಟು ದಿನ ಬೇಕಾದರೂ ಆಕ್ರಮಿಸಿ ಕೂರುವಂತಿಲ್ಲ. ಅಂಗಡಿ ಮುಚ್ಚಿಸಿ, ಬಸ್ಸು ತಡೆದು ನಡೆಸುವ ಬಂದ್ ಅಸಾಂವಿಧಾನಿಕ ಎಂದು ಕೇರಳ ಹೈಕೋರ್ಟು 1997ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಪೊಲೀಸರಿಗೂ ಮಿತಿ ಇದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳ ಹೊತ್ತಿಗೆ ಇಡೀ ಬೆಂಗಳೂರಿಗೆ 144ನೇ ಸೆಕ್ಷನ್ ಹಾಕಲಾಯಿತು. ಟೌನ್‌ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ಪಡೆದದ್ದು ಆಗಲೇ. ಆ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟೇ 2020ರ ಫೆಬ್ರುವರಿಯಲ್ಲಿ ಹೇಳಿತು.

ಪುಸ್ತಕದ ಕಾನೂನು ಬೀದಿಗಿಳಿದಾಗ ಏನಾಗುತ್ತದೆ ಎಂಬುದಕ್ಕೆ ಮತ್ತಿಕೆರೆಯ ಸುತ್ತಮುತ್ತಲಿನ 2016ನೇ ಇಸವಿಯೇ ಸಾಕು. ಕಾರ್ಮಿಕರ ಪಿ.ಎಫ್. ಖಾತೆಗೆ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿ.ಎಫ್. ಎಂದರೆ ಮುಪ್ಪಿನ ಆಸರೆ ಮಾತ್ರವಲ್ಲ. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ, ಕೆಲಸ ಬಿಟ್ಟ ಮೇಲಿನ ತಿಂಗಳುಗಳಿಗೆ ಅದೇ ಗಂಟು. ಏಪ್ರಿಲ್ 18 ಮತ್ತು 19ರಂದು ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಮುಂದಾಳುಗಳು ಯಾರೂ ಇರಲಿಲ್ಲ, ಪರವಾನಗಿಯ ಮಾತಂತೂ ಇಲ್ಲವೇ ಇಲ್ಲ. ಹೊಸೂರು ರಸ್ತೆ, ತುಮಕೂರು ರಸ್ತೆ ಸ್ತಬ್ಧವಾದವು. ಮತ್ತಿಕೆರೆಗೆ ದೂರವೇನಲ್ಲದ ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಪೊಲೀಸರು ಲಾಠಿ ಬೀಸಿದರು. 19ರ ಸಂಜೆ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಎರಡು ತಿಂಗಳು ಯಾರ ಕಿವಿಗೂ ಬೀಳದ ದೂರು ಎರಡು ದಿನದ ಟ್ರಾಫಿಕ್ ಜಾಮಿನಿಂದ ದೆಹಲಿಗೆ ಕೇಳಿಸಿತು ಎಂಬ ಸತ್ಯವನ್ನು ನುಂಗಿಕೊಳ್ಳುವುದು ಕಷ್ಟ. ಬಸ್ಸು ಸುಟ್ಟವರು ತಪ್ಪು ಮಾಡಿದರು, ನಿಜ. ಫ್ರೀಡಂ ಪಾರ್ಕಿನೊಳಗೆ ಸಾಲಾಗಿ ಕೂತಿದ್ದರೆ ಅಧಿಸೂಚನೆ ಹೋಗುತ್ತಿತ್ತೇ ಎಂಬ ಪ್ರಶ್ನೆಯೂ ಅಷ್ಟೇ ನಿಜ.

ಅದೇ ವರ್ಷದ ಸೆಪ್ಟೆಂಬರ್ 12ರದು ಬೇರೆಯೇ ಕಥೆ. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶದ ದಿನ ತಮಿಳುನಾಡು ನೋಂದಣಿಯ ಬಸ್ಸು, ಲಾರಿಗಳು ಉರಿದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಂದು ಪ್ರಾಣ ಹೋಯಿತು. ಪಕ್ಕದ ಯಶವಂತಪುರವೂ ಸೇರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ಇದನ್ನು ಪ್ರತಿಭಟನೆಯ ಲೆಕ್ಕಕ್ಕೆ ಸೇರಿಸುವುದು ಪ್ರತಿಭಟನೆಗೆ ಮಾಡುವ ಅವಮಾನ.

ಅಕ್ಟೋಬರ್ 16, ಭಾನುವಾರ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 1,791 ಕೋಟಿ ರೂಪಾಯಿಯ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ನಾಗರಿಕರು ಮಾನವ ಸರಪಳಿಯಾಗಿ ನಿಂತರು. ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ದಾಟಿದರೆ ಸಿಗುವ ಮೇಖ್ರಿ ಸರ್ಕಲ್ ತನಕ ಆ ಸಾಲು ಹಬ್ಬಿತ್ತು. ರಸ್ತೆಯಂಚಿನಲ್ಲಿ ನಿಂತ ಆ ಜನ ವಾಹನ ಸಂಚಾರಕ್ಕೆ ಅಡ್ಡಿಯಾಗಲಿಲ್ಲ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮಾದರಿ ಎಂದರೆ ಇದೇ ಎನ್ನಬಹುದು. ಹಾಗೆನ್ನುವಾಗ ಒಂದು ವ್ಯತ್ಯಾಸವನ್ನು ಮರೆಯಬಾರದು: ಭಾನುವಾರ ಬಿಡುವಿರುವ, ಪತ್ರಿಕೆಯವರ ಪರಿಚಯವಿರುವ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲ ವರ್ಗದ ಪ್ರತಿಭಟನೆ ಅದು. ಹೊಲಿಗೆ ಯಂತ್ರದ ಮುಂದೆ ವಾರಕ್ಕೆ ಆರು ದಿನ ಕೂರುವವರಿಗೆ ಅಷ್ಟು ನಯವಾಗಿ ಸಿಟ್ಟಾಗುವ ಅನುಕೂಲವಿರುವುದಿಲ್ಲ. ವಿಚಿತ್ರವೆಂದರೆ, ಇಂದಿನ ನಿಯಮದಡಿ ಆ ಸಭ್ಯ ಸರಪಳಿಗೂ ಜಾಗವಿಲ್ಲ.

ಹಳೆಯ ಮತ್ತಿಕೆರೆ, ಗೋಕುಲದ ಹಲವು ಮನೆಗಳು ಇಂಥ ಹೋರಾಟದ ಅನ್ನವನ್ನೇ ಉಂಡಿವೆ. 1980ರ ಡಿಸೆಂಬರ್ ಕೊನೆಯಿಂದ 77 ದಿನ ಬಿ.ಇ.ಎಲ್., ಎಚ್.ಎಂ.ಟಿ., ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದ್ದರು. ಆ ಪೀಳಿಗೆಯ ಪಿಂಚಣಿದಾರರೇ ಈಗ ಬಾಲ್ಕನಿಯಲ್ಲಿ ನಿಂತು “ಇವರಿಗೆ ಬೇರೆ ಕೆಲಸವಿಲ್ಲ” ಎಂದು ಗೊಣಗುವುದೂ ಉಂಟು.

ದಿನನಿತ್ಯದ ಅನುಕೂಲವನ್ನು ಕೇವಲ ಎನ್ನುವಂತಿಲ್ಲ. ರಾಮಯ್ಯ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್, ಪರೀಕ್ಷೆಗೆ ಹೊರಟ ವಿದ್ಯಾರ್ಥಿ, ಅಂದಿನ ವ್ಯಾಪಾರದಿಂದಲೇ ಅಂದಿನ ಒಲೆ ಹೊತ್ತಿಸುವ ತಳ್ಳುಗಾಡಿಯವರು, ಇವರ ನಷ್ಟವನ್ನು ಯಾವ ಘೋಷಣೆಯೂ ತುಂಬಿಕೊಡದು. ಆದರೆ ಅಳತೆಗೋಲು ಒಂದೇ ಇರಬೇಕು. ಗಣಪತಿ ಪೆಂಡಾಲು, ರಾಜ್ಯೋತ್ಸವದ ಆರ್ಕೆಸ್ಟ್ರಾ, ಅಣ್ಣಮ್ಮನ ಉತ್ಸವ, ಮಂತ್ರಿಗಳ ಬೆಂಗಾವಲು, ಮುಗಿಯುವ ಸೂಚನೆಯೇ ಇಲ್ಲದ ಒಳಚರಂಡಿ ಅಗೆತ, ಇವಕ್ಕೆಲ್ಲ ರಸ್ತೆ ಮುಚ್ಚಿದರೆ ಸುತ್ತಿಕೊಂಡು ಹೋಗುವ ತಾಳ್ಮೆ ಜನರಿಗಿದೆ. ಅದೇ ಅಗೆತದ ವಿರುದ್ಧ ಐವತ್ತು ಜನ ಅರ್ಧ ಗಂಟೆ ನಿಂತರೆ ಮಾತ್ರ ಸುವ್ಯವಸ್ಥೆ ಕೆಡುತ್ತದೆ.

ರಾಜ್ಯಮಟ್ಟದ ಬೇಡಿಕೆಗೆ ವಿಧಾನಸೌಧಕ್ಕೆ ಹತ್ತಿರದ ಫ್ರೀಡಂ ಪಾರ್ಕ್ ಒಪ್ಪುತ್ತದೆ. ಆದರೆ ಮತ್ತಿಕೆರೆಯ ಮೋರಿಯ ದೂರು ಏಳೆಂಟು ಕಿಲೋಮೀಟರ್ ಆಚೆ ಯಾರಿಗೆ ತಟ್ಟಬೇಕು? ಮೋರಿಗೆ ಹೊಣೆಯಾದ ಎಂಜಿನಿಯರು ಅಲ್ಲಿ ಇರುವುದಿಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ದೂರು ಹೇಳಿಕೊಳ್ಳಲು ಕಾರ್ಪೊರೇಟರೂ ಇರಲಿಲ್ಲ.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲೂ ಒಂದು ಆಟದ ಮೈದಾನವನ್ನೋ ಪಾಲಿಕೆ ಕಚೇರಿಯ ಮುಂದಿನ ಅಂಗಳವನ್ನೋ ಪ್ರತಿಭಟನೆಗೆ ಗುರುತಿಸಬೇಕು. ಸಣ್ಣ ಗುಂಪು ಫುಟ್‌ಪಾತಿನಲ್ಲಿ ದಾರಿಹೋಕರಿಗೆ ಎಡೆಬಿಟ್ಟು ಫಲಕ ಹಿಡಿಯಲು ಅಪ್ಪಣೆ ಬೇಡವೆನ್ನಬೇಕು. ಅರ್ಜಿಗೆ ಗೊತ್ತಾದ ಗಡುವಿನೊಳಗೆ ಉತ್ತರ ಬರಬೇಕು, ನಿರಾಕರಿಸಿದರೆ ಕಾರಣ ಬರಹದಲ್ಲಿರಬೇಕು. ಪ್ರತಿಯಾಗಿ, ಆಯೋಜಕರು ಮೈಕಿನ ಹೊತ್ತು, ಆಂಬುಲೆನ್ಸ್ ದಾರಿ, ಸ್ವಯಂಸೇವಕರ ಹೆಸರುಗಳನ್ನು ಮೊದಲೇ ಠಾಣೆಗೆ ಕೊಡಬೇಕು; ಟೈರು ಸುಡುವವರನ್ನು, ಅಂಗಡಿ ಮುಚ್ಚಿಸುವವರನ್ನು ತಾವೇ ಹೊರಗಿಡಬೇಕು.

ಸದ್ಯದ ಆದೇಶವನ್ನು ತಿದ್ದಲು ಪೊಲೀಸ್ ಕಮಿಷನರ್ ಹಾಗೂ ಗೃಹ ಇಲಾಖೆ ಮನಸ್ಸು ಮಾಡಬೇಕು. ಹೈಕೋರ್ಟಿನ ಸೂಚನೆ ಇರುವುದರಿಂದ ನ್ಯಾಯಾಲಯದ ಗಮನಕ್ಕೂ ತರಬೇಕು. ಮತ್ತಿಕೆರೆಯ ನಿವಾಸಿಗಳ ಸಂಘಗಳು, ವರ್ತಕರು, ಕಾರ್ಮಿಕ ಸಂಘಟನೆಗಳು ಒಂದೇ ಅರ್ಜಿಗೆ ಸಹಿ ಹಾಕಿ ಶಾಸಕರ ಮೂಲಕ ಅದನ್ನು ಕಳಿಸಬಹುದು. ವರ್ತಕರ ಸಹಿ ಮೊದಲ ಸಾಲಿನಲ್ಲಿದ್ದರೆ ಒಳ್ಳೆಯದು, ಪ್ರತಿಭಟನೆಯಿಂದ ಹೆಚ್ಚು ಕಳೆದುಕೊಳ್ಳುವವರು ಅವರೇ ಎಂಬ ವಾದ ಆಗ ಎದುರಾಗುವುದಿಲ್ಲ.