ಖರೀದಿದಾರನ ಮೌನ, ಮಾರಾಟಗಾರನ ಮುಜುಗರ

ಧುಪದಾಳದ ಒಡ್ಡಿನಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ ಗೋಕಾಕ, ಮೂಡಲಗಿ ಭಾಗದ ಹೊಲಗಳಿಗೆ ಕಬ್ಬನ್ನು ತಂದಿತು. ಕಬ್ಬು ಕಾರ್ಖಾನೆಗಳನ್ನು ತಂದಿತು. ಕಾರ್ಖಾನೆಗಳ ಬೆನ್ನಿಗೇ ಬಂದದ್ದು ಬಾಕಿ. ಕಬ್ಬು ಪಡೆದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು, ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. ಇಷ್ಟೊಂದು ಖಚಿತವಾದ ಕಾನೂನಿದ್ದೂ 2018ರ ನವೆಂಬರ್‌ನಲ್ಲಿ ರೈತರು ಬಾಕಿ ಹಣಕ್ಕಾಗಿ ಕಬ್ಬಿನ ಲಾರಿಗಳೊಂದಿಗೆ ಬೆಳಗಾವಿಯ ಸುವರ್ಣಸೌಧಕ್ಕೆ ನುಗ್ಗಬೇಕಾಯಿತು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ನಡೆದ ಹೋರಾಟ ದರಕ್ಕೆ ಸಂಬಂಧಿಸಿದ್ದು, ನಿಜ. ಆದರೆ ಅಲ್ಲಿಯೂ ಪ್ರಶ್ನೆ ಇದ್ದದ್ದು ಖರೀದಿದಾರ ಬಲಾಢ್ಯನಾಗಿದ್ದಾಗ ಮಾರುವವನ ಮಾತಿಗೆ ಬೆಲೆಯೆಷ್ಟು ಎಂಬುದೇ.

ರೈತರಿಗೆ ಕನಿಷ್ಠ ಸಂಘಟನೆಯಿದೆ, ಜಿಲ್ಲಾಧಿಕಾರಿಯ ಕಚೇರಿಯಿದೆ, ರಸ್ತೆಯಿದೆ. ಆದರೆ ಅದೇ ಕಬ್ಬಿನ ಬೆಲ್ಲವನ್ನು ಗಾಣದಿಂದ ಕೊಂಡು ಸಾಂಗ್ಲಿಗೋ ಕೊಲ್ಹಾಪುರಕ್ಕೋ ಕಳುಹಿಸುವ ಸಣ್ಣ ವ್ಯಾಪಾರಿಗೆ ಏನಿದೆ? ಟ್ರೇಲರ್ ಬೆಸುಗೆ ಹಾಕಿ ಕೊಡುವವನಿಗೆ, ರೆಡಿಮೇಡ್ ಬಟ್ಟೆ ಹೊಲಿದು ಅಂಗಡಿಗೆ ಹಾಕುವವನಿಗೆ, ಹಣ್ಣಿನ ಬುಟ್ಟಿಗಳನ್ನು ಉದ್ರಿ ಕೊಡುವವನಿಗೆ? ನಮ್ಮ ಪಟ್ಟಣಗಳ ಮುಸ್ಲಿಮ್ ಕುಟುಂಬಗಳಲ್ಲಿ ಬಹುಪಾಲು ಬದುಕುತ್ತಿರುವುದು ಇಂತಹ ಕಸುಬುಗಳ ಮೇಲೆಯೇ. ಎರಡು ಲಕ್ಷ ರೂಪಾಯಿಯ ಸರಕು ಹೋಗಿರುತ್ತದೆ. ಮೊದಲ ತಿಂಗಳು ಫೋನ್ ಎತ್ತುತ್ತಾರೆ, ಎರಡನೆಯ ತಿಂಗಳು ಮಗ ಎತ್ತುತ್ತಾನೆ, ಮೂರನೆಯ ತಿಂಗಳು ಯಾರೂ ಎತ್ತುವುದಿಲ್ಲ. ಕೈಯಲ್ಲಿರುವುದು ಒಂದು ಖಾತೆ ಪುಸ್ತಕ. ಅದರಲ್ಲಿ ಖರೀದಿದಾರನ ಸಹಿಯೂ ಇಲ್ಲ.

ದುರಂತವೇನೆಂದರೆ, ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು, ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕೆಂದು ಆದೇಶಿಸುವ ವಚನವೇ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ. ಅಲ್ ಬಕರಾ ಅಧ್ಯಾಯದ 282ನೆಯ ಆ ವಚನವನ್ನು ನಾವು ರಮಝಾನಿನಲ್ಲಿ ಪಾರಾಯಣ ಮಾಡುತ್ತೇವೆ, ಮರುದಿನ ಅಂಗಡಿಯಲ್ಲಿ ಕುಳಿತು ‘ನಮ್ಮವರೇ, ಬರೆಯುವುದು ಚೆನ್ನಾಗಿರುವುದಿಲ್ಲ’ ಎನ್ನುತ್ತೇವೆ. ಬಿಲ್ಲಿಗೆ ಸಹಿ ಕೇಳುವುದು ಅಪನಂಬಿಕೆಯ ಸೂಚನೆ ಎಂಬ ಈ ವಿಚಿತ್ರ ಮುಜುಗರ ನಮಗೆ ಎಲ್ಲಿಂದ ಬಂತೋ ತಿಳಿಯದು.

ಕಾನೂನಿನ ಕಡೆಗೆ ಬರೋಣ. ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಸಾಲದ ಗಡುವು ನಿಗದಿಯಾಗಿದ್ದರೆ ಆ ಗಡುವು ಮುಗಿದಂದಿನಿಂದ, ಇಲ್ಲದಿದ್ದರೆ ಸರಕು ಕೊಟ್ಟಂದಿನಿಂದ ಈ ಲೆಕ್ಕ. ಮುಂದಿನ ಹಂಗಾಮಿಗೆ ಕೊಡುತ್ತೇನೆ, ಮಗಳ ಮದುವೆ ಮುಗಿಯಲಿ ಎಂಬ ಬಾಯಿಮಾತುಗಳಿಂದ ಅದು ವಿಸ್ತರಣೆಯಾಗುವುದಿಲ್ಲ. ಅವಧಿ ಮುಗಿಯುವ ಮುನ್ನ ಬಾಕಿಯನ್ನು ಒಪ್ಪಿಕೊಂಡು ಖರೀದಿದಾರನು ಸಹಿ ಮಾಡಿದ ಒಂದು ಚೀಟಿಯಿದ್ದರೆ ಮಾತ್ರ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಎಷ್ಟೋ ಮಂದಿ ವಕೀಲರ ಬಳಿಗೆ ಹೋಗುವುದು ನಾಲ್ಕನೆಯ ವರ್ಷದಲ್ಲಿ.

ಚೆಕ್ಕು ಇದ್ದರೆ ದಾರಿ ಸ್ವಲ್ಪ ಸುಗಮ, ಆದರೆ ದಿನಗಳ ಲೆಕ್ಕ ಬಿಗಿಯಾದದ್ದು. ಚೆಕ್ಕನ್ನು ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಅದು ಮರಳಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ನೀಡಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ನಂತರದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ದಾಖಲಾಗಬೇಕು. ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನನ್ವಯ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 2018ರ ತಿದ್ದುಪಡಿಯ ಪ್ರಕಾರ ಪ್ರಕರಣ ನಡೆಯುತ್ತಿರುವಾಗಲೇ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಗಡಿಭಾಗದ ವ್ಯಾಪಾರಿಗಳು ಮುಖ್ಯವಾಗಿ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಚೆಕ್ಕು ಕೊಟ್ಟವನ ಬ್ಯಾಂಕು ಇರುವ ಊರಿನಲ್ಲಿಯೇ ದೂರು ಹೂಡಬೇಕೆಂದು 2014ರಲ್ಲಿ ದಶರಥ್ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿತ್ತು. ಹಾಗಾದರೆ ಧುಪದಾಳದವನು ಪ್ರತಿ ವಾಯಿದೆಗೂ ಮಹಾರಾಷ್ಟ್ರಕ್ಕೆ ಅಲೆಯಬೇಕಿತ್ತು. 2015ರಲ್ಲಿ ಸಂಸತ್ತು ಅದನ್ನು ಬದಲಿಸಿತು. ಚೆಕ್ಕನ್ನು ಸ್ವಂತ ಖಾತೆಗೆ ಹಾಕಿದವನು ಈಗ ತನ್ನ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ದೂರು ನೀಡಬಹುದು. ಕೊಲ್ಹಾಪುರದ ಖರೀದಿದಾರನೇ ಗೋಕಾಕಕ್ಕೆ ಬರಬೇಕು. ಇದು ತಿಳಿಯದೆ ‘ಅಷ್ಟು ದೂರ ಯಾರು ಹೋಗುತ್ತಾರೆ’ ಎಂದು ಕೈಚೆಲ್ಲಿದವರನ್ನು ನಾವು ಬಲ್ಲೆವು.

ಸ್ವತಃ ವಸ್ತು ತಯಾರಿಸುವವರಿಗೆ 2006ರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಕಾಯ್ದೆ ಮತ್ತೊಂದು ಬಾಗಿಲನ್ನು ತೆರೆದಿದೆ. ಅದರಂತೆ ಖರೀದಿದಾರನು ಗರಿಷ್ಠ 45 ದಿನಗಳಲ್ಲಿ ಹಣ ಕೊಡಬೇಕು. ವಿವಾದವಾದರೆ ಸೌಲಭ್ಯ ಮಂಡಳಿಯ ಮುಂದೆ ಹೋಗಬಹುದು. ಉದ್ಯಮ್ ನೋಂದಣಿ ಉಚಿತ, ಸರಕು ಕೊಡುವ ಮುನ್ನವೇ ಮಾಡಿಸಿಕೊಂಡಿರುವುದು ಲೇಸು. ಕೇವಲ ಕೊಂಡು ಮಾರುವವರಿಗೆ ಈ ಸೌಲಭ್ಯ ಸಿಗುವುದಿಲ್ಲ. ಅಂದಹಾಗೆ, ಈ ಕಾಯ್ದೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ವಿಧಿಸುತ್ತದೆ. ಇದನ್ನು ಕೇಳಿಯೇ ಹಿಂಜರಿಯುವ ಧರ್ಮಭೀರುಗಳು ನಮ್ಮಲ್ಲಿದ್ದಾರೆ. ಅವರ ಭಾವನೆಯನ್ನು ನಾವು ಗೌರವಿಸುತ್ತೇವೆ. ಆದರೆ ಬಡ್ಡಿ ಬೇಡವೆಂಬ ಕಾರಣಕ್ಕೆ ಅಸಲನ್ನೂ ಬಿಟ್ಟುಕೊಡಬೇಕೆಂದು ಯಾವ ಧರ್ಮವೂ ಹೇಳಿಲ್ಲ. ರಾಜಿಯಲ್ಲಿ ಅಸಲು ಮತ್ತು ಖರ್ಚನ್ನಷ್ಟೇ ಪಡೆದು ಮುಗಿಸಲು ಯಾರ ಅಡ್ಡಿಯೂ ಇಲ್ಲ.

ಕೆಲವರು ನೇರವಾಗಿ ಪೊಲೀಸ್ ಠಾಣೆಗೆ ಓಡುತ್ತಾರೆ. ಹಣ ಕೊಡದಿರುವುದೆಲ್ಲ ವಂಚನೆಯಲ್ಲ. ಸರಕು ಕೊಳ್ಳುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಮ್ ಕೋರ್ಟು ಮತ್ತೆ ಮತ್ತೆ ಹೇಳಿದೆ. ಇನ್ನು ‘ವಸೂಲಿ ಮಾಡಿಕೊಡುವ ಹುಡುಗರ’ ಮೊರೆಹೋಗುವವರ ಬಗ್ಗೆ ಏನು ಹೇಳುವುದು? ಸಾಲ ಕೊಟ್ಟವನೇ ಆರೋಪಿಯಾಗಿ ನಿಲ್ಲುವ ದಾರಿ ಅದು.

ಅಷ್ಟಕ್ಕೂ ನಾವು ಯಾವಾಗಲೂ ಮಾರುವವರೇ? ಖರೀದಿದಾರರಾಗಿ ನಮ್ಮ ನಡೆ ಹೇಗಿದೆ? ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವ, ಮದುವೆಗೆ ಮೂರು ಬಗೆಯ ಬಿರಿಯಾನಿ ಮಾಡಿಸುವ ವ್ಯಕ್ತಿಯೇ ದರ್ಜಿಯ, ಬಡಗಿಯ, ಕಿರಾಣಿಯವನ ಬಾಕಿಯನ್ನು ವರ್ಷಗಟ್ಟಲೆ ಎಳೆಯುವುದನ್ನು ನಾವು ನೋಡುತ್ತಿಲ್ಲವೇ? ನಿಜಕ್ಕೂ ಸಂಕಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಲು ಕುರ್‌ಆನ್ ಹೇಳುತ್ತದೆ. ಆದರೆ ಇದ್ದೂ ಕೊಡದೆ ಸತಾಯಿಸುವುದನ್ನು ಪ್ರವಾದಿಯವರು(ಸ) ಅಕ್ರಮವೆಂದೇ ಕರೆದಿದ್ದಾರೆ. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿಟ್ಟು, ‘ಸ್ವಲ್ಪ ಸಬರ್ ಮಾಡಿ ಭಾಯ್’ ಎಂದು ಸಾಲ ಕೊಟ್ಟವನಿಗೇ ಬುದ್ಧಿ ಹೇಳುವ ಜಮಾಅತ್ ಕಮಿಟಿಗಳು ನ್ಯಾಯ ಮಾಡುತ್ತಿಲ್ಲ. ರಾಜಿ ಮಾಡಿಸಲಿ, ಅಭ್ಯಂತರವಿಲ್ಲ. ಆದರೆ ದಿನಾಂಕ, ಮೊತ್ತ, ಕಂತುಗಳನ್ನು ಬರೆದು ಇಬ್ಬರ ಸಹಿ ಹಾಕಿಸಲಿ. ಪ್ರಕರಣ ನ್ಯಾಯಾಲಯದಲ್ಲಿದ್ದರೆ ಲೋಕ ಅದಾಲತ್ತಿಗೆ ಕರೆದೊಯ್ಯಲಿ. ಅಲ್ಲಿನ ರಾಜಿಗೆ ಡಿಕ್ರಿಯ ಬೆಲೆಯಿದೆ, ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ಮರಳುತ್ತದೆ.

ಎಲ್ಲಕ್ಕಿಂತ ನೋವಿನದು ವ್ಯಾಪಾರಿ ಹಠಾತ್ತಾಗಿ ತೀರಿಕೊಂಡಾಗಿನ ಸ್ಥಿತಿ. ಅವನು ಯಾರಿಗೆ ಕೊಡಬೇಕೆಂಬುದನ್ನು ಹೇಳಲು ಜನಾಝಾದ ದಿನವೇ ಹತ್ತು ಜನ ಬರುತ್ತಾರೆ. ಅವನಿಗೆ ಕೊಡಬೇಕಾದವರು ಇದ್ದತ್ ಮುಗಿದರೂ ಆ ಓಣಿಯಲ್ಲಿ ಕಾಣಿಸುವುದಿಲ್ಲ. ವಿಧವೆಗೆ ಆ ಖಾತೆಯಲ್ಲಿನ ಅಡ್ಡಹೆಸರುಗಳು ಯಾರವೆಂದೇ ತಿಳಿದಿರುವುದಿಲ್ಲ. ಮೃತನ ಬಾಕಿಗೆ ಡಿಕ್ರಿ ಪಡೆಯಲು ವಾರಸುದಾರರು ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲೂಕು ನ್ಯಾಯಾಲಯದ ಆವರಣದಲ್ಲಿಯೇ ಇರುವ ಆ ಕೋಣೆಯವರೆಗೆ ಅವಳೊಂದಿಗೆ ಹೋಗಲು ಮೊಹಲ್ಲಾದ ಓದಿದ ಒಬ್ಬ ಹೆಣ್ಣುಮಗಳಾದರೂ ಸಾಕು. ಮೂರು ವರ್ಷದ ಲೆಕ್ಕ ಮಾತ್ರ ಅವಳ ಇದ್ದತ್ತಿಗಾಗಿಯೂ ಕಾಯುವುದಿಲ್ಲ.