ಕಾಯುವುದೆಂದರೆ ಕೈಕಟ್ಟಿ ಕೂರುವುದೇ?

ನಮ್ಮ ಸಾಹಿತ್ಯದ ತರಗತಿಗಳಲ್ಲಿ 'ಕಾಯುವಿಕೆ' ಎಂದ ಕೂಡಲೇ ಬೆಕೆಟ್‌ನ ಗೋಡೋ ಹಾಜರು. ನಾಟಕದಲ್ಲಿ ಬಾರದವನು ಪಾಠದಲ್ಲಿ ಮಾತ್ರ ತಪ್ಪದೆ ಬರುತ್ತಾನೆ. ಕಾಯುವವರು ಭ್ರಮೆಯಲ್ಲಿದ್ದಾರೆ, ಬರುವವರು ಯಾರೂ ಇಲ್ಲ ಎಂದು ಬರೆದರೆ ಅಂಕವೂ ಖಚಿತ. ಇದೇ ಅಳತೆಗೋಲು ಹಿಡಿದು, ಕ್ರೈಸ್ತರ ಆಗಮನ ಕಾಲವೂ ನೊಂದವರನ್ನು ಮಲಗಿಸುವ ಜೋಗುಳವೇ ಎನ್ನುವವರಿದ್ದಾರೆ. ಹಾಗೆನ್ನುವವರು ಆ ಕಾಲದಲ್ಲಿ ಓದುವುದೇನು, ಹಾಡುವುದೇನು ಎಂದು ನೋಡಿದಂತಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯಿದು. ಕ್ಯಾಥೊಲಿಕ್ ಪೂಜೆಯಲ್ಲಿ ಆ ಭಾನುವಾರಗಳಂದು ಗ್ಲೋರಿಯಾ ಹಾಡುವುದಿಲ್ಲ. ಮೊದಲ ಭಾನುವಾರದ ಶುಭಸಂದೇಶದಲ್ಲಿ ಗೋದಲಿಯ ಸುಳಿವೇ ಇಲ್ಲ. ಅಲ್ಲಿರುವುದು ಯುಗಾಂತ್ಯದ ಮಾತು, ಎಚ್ಚರವಾಗಿರಿ ಎಂಬ ಆಜ್ಞೆ. ಎಚ್ಚರವಾಗಿರಿ ಎನ್ನುವ ಜೋಗುಳವನ್ನು ಯಾರಾದರೂ ಕೇಳಿದ್ದೀರಾ? ಡಿಸೆಂಬರ್ 22ರಂದು ಓದುವ ಮರಿಯಮ್ಮನ ಹಾಡಂತೂ ಬಲಾಢ್ಯರು ಗದ್ದುಗೆಯಿಂದ ಉರುಳುವುದನ್ನು, ಹಸಿದವರ ಹೊಟ್ಟೆ ತುಂಬುವುದನ್ನು ಕೊಂಡಾಡುತ್ತದೆ.

ಇಂದು ಚರ್ಚುಗಳಲ್ಲಿ ಕಾಣುವ ನಾಲ್ಕು ಮೇಣದಬತ್ತಿಗಳ ಹಸಿರು ಬಳೆಯ ಮೂಲ ಹ್ಯಾಂಬರ್ಗ್‌ನಲ್ಲಿದೆ. 1839ರಲ್ಲಿ ಯೋಹಾನ್ ವಿಖರ್ನ್ ಎಂಬ ಪಾದ್ರಿ, ಕ್ರಿಸ್‌ಮಸ್‌ಗಾಗಿ ದಿನ ಎಣಿಸುತ್ತಿದ್ದ ಬಡಮಕ್ಕಳಿಗೆಂದು ಚಕ್ರವೊಂದರ ಮೇಲೆ ದಿನಕ್ಕೊಂದು ಬತ್ತಿ ಹಚ್ಚಿದ. ಕಾಯಲು ಕಲಿಸಿದ ಆತನೇ ಆ ಮಕ್ಕಳಿಗೆ ಸೂರು, ಓದು, ಕಸುಬು ಒದಗಿಸಿದವನೂ ಹೌದು.

ದೀಟ್ರಿಷ್ ಬಾನ್‌ಹಾಫರ್ 1943ರ ನವೆಂಬರ್‌ನಲ್ಲಿ ಬರ್ಲಿನ್ನಿನ ಟೇಗಲ್ ಜೈಲಿನಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ ಸೆರೆಮನೆಯ ಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸಿದರು: ಎರಡರಲ್ಲೂ ಬಾಗಿಲು ತೆರೆಯಬೇಕಾದದ್ದು ಹೊರಗಿನಿಂದ. ನೋಡಿ, ಇದೇ ಅಸಹಾಯಕತೆ ಎನ್ನಬಹುದು. ಆದರೆ ಈ ಪಾದ್ರಿ ಹಿಟ್ಲರನ ವಿರುದ್ಧ ಸಂಚು ಹೂಡಿದವರ ಬಳಗದಲ್ಲಿದ್ದವರು. ಅವರನ್ನು ಸೆರೆಗೆ ತಂದದ್ದು ಕೈಕಟ್ಟಿ ಕೂತದ್ದಲ್ಲ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ನ್ಯಾಯ ಬಂದೇ ಬರುತ್ತದೆ ಎಂದು ನಂಬಿದವರಿಗೆ ಇಂದಿನ ಅನ್ಯಾಯದ ಜೊತೆ ರಾಜಿ ಸಾಧ್ಯವಾಗುವುದಿಲ್ಲ.

ಬಡವರಿಗೆ ತಾಳ್ಮೆಯ ಉಪದೇಶ ಮಾಡಿ, ಉಳ್ಳವರ ಪಕ್ಕ ಕೂತ ಚರ್ಚುಗಳೂ ಇದ್ದವು, ಇವೆ. ಅವರನ್ನು ಖಂಡಿಸಲು ಹೊರಗಿನ ಸಿದ್ಧಾಂತವೇ ಬೇಕಿಲ್ಲ, ಆ ಮರಿಯಮ್ಮನ ಹಾಡೇ ಸಾಕು.

ನಿಜವಾದ ಜೋಗುಳ ಬೇಕಿದ್ದರೆ ನವೆಂಬರ್‌ನಲ್ಲೇ ಕ್ರಿಸ್‌ಮಸ್ ಮರ ನಿಲ್ಲಿಸುವ ಮಾಲ್‌ಗೆ ಹೋಗಿ. ಎಲ್ಲವೂ ಬಂದಾಗಿದೆ, ಕೊಂಡರೆ ಆಯಿತು ಎಂದು ಅದು ಹಾಡುತ್ತಿರುತ್ತದೆ. ಬರಬೇಕಾದದ್ದು ಇನ್ನೂ ಬಂದಿಲ್ಲ ಎಂದು ಮೊದಲ ಬತ್ತಿ ಹಚ್ಚುವವರು ಆ ಹಾಡಿಗೆ ತಲೆದೂಗಲು ಒಪ್ಪದವರು.