ತಾಪದ ಒರೆಗಲ್ಲು

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ಬಡಿದು ನಾದವನ್ನು ಆಲಿಸುತ್ತಾಳೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುತ್ತಾನೆ. ನೋಟಕ್ಕೆ ಚೆನ್ನಾಗಿರುವುದೆಲ್ಲ ಬಳಕೆಗೆ ಯೋಗ್ಯವಲ್ಲವೆಂಬುದು ಮನುಷ್ಯನು ಬಹು ಹಿಂದೆಯೇ ಕಲಿತ ಪಾಠ. ಯಂತ್ರಯುಗದಲ್ಲಿ ಒರೆಗಲ್ಲಿನ ಈ ಕೆಲಸವನ್ನು ಮಾಡುವ ಸಾಧನಗಳಲ್ಲಿ ತಾಪಪರೀಕ್ಷಾ ಕೋಣೆಯೂ ಒಂದು.

ಈ ಕೋಣೆ ಕಪಾಟಿನಷ್ಟು ಚಿಕ್ಕದಾಗಿರಬಹುದು; ಇಡೀ ವಾಹನವೇ ಹಿಡಿಸುವಷ್ಟು ದೊಡ್ಡದೂ ಆಗಿರಬಹುದು. ಅದರ ದಪ್ಪನೆಯ ಗೋಡೆಗಳು ಒಳಗಿನ ಮತ್ತು ಹೊರಗಿನ ತಾಪಗಳು ಬೆರೆಯದಂತೆ ತಡೆಯುತ್ತವೆ. ಕಾಯಿಸಲು ವಿದ್ಯುತ್ ಸುರುಳಿ, ತಣಿಸಲು ಶೀತಕ ಯಂತ್ರ, ಗಾಳಿಯನ್ನು ಸಮನಾಗಿ ಹರಡಲು ಫ್ಯಾನು, ತಾಪವನ್ನು ಅಳೆದು ಹತೋಟಿಯಲ್ಲಿಡಲು ನಿಯಂತ್ರಕ ಅಲ್ಲಿರುತ್ತವೆ. ರಾಯಚೂರಿನ ಬೇಸಗೆಯನ್ನೂ ಲಡಾಖಿನ ದ್ರಾಸ್‌ನ ಹಿಮಗಾಲವನ್ನೂ ಅದು ಒಂದೇ ದಿನದಲ್ಲಿ ಸೃಷ್ಟಿಸಬಲ್ಲದು. ಕಾದಾಗ ಹಿಗ್ಗುವುದು, ತಣಿದಾಗ ಕುಗ್ಗುವುದು ಸಾಮಾನ್ಯವಾಗಿ ವಸ್ತುಗಳ ಸ್ವಭಾವ. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಆದುದರಿಂದ ಮತ್ತೆ ಮತ್ತೆ ಕಾದು ತಣಿದಾಗ ದುರ್ಬಲವಾದ ಬೆಸುಗೆ ಬಿರುಕು ಬಿಡುತ್ತದೆ. ವರ್ಷಗಳ ಬಳಕೆಯ ಅನಂತರ ಕಾಣಬಹುದಾದ ದೋಷ ಕೆಲವೇ ವಾರಗಳಲ್ಲಿ ಹೊರಬೀಳುತ್ತದೆ.

ಇಂಥ ಪರೀಕ್ಷೆ ದುಬಾರಿ, ಅದರಿಂದ ಕಾಲಹರಣವೆಂದು ಗೊಣಗುವವರುಂಟು. ಪರೀಕ್ಷೆ ನಡೆಸಿದರೆ ಸಾಕು, ಕರ್ತವ್ಯ ಮುಗಿಯಿತೆಂದು ಭಾವಿಸುವವರೂ ಉಂಟು. ಈ ಎರಡನೆಯ ಭಾವನೆ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರ. ಅಮೆರಿಕದ ಚಾಲೆಂಜರ್ ವ್ಯೋಮನೌಕೆಯ ದುರಂತವೇ ಇದಕ್ಕೆ ಸಾಕ್ಷಿ.

ಆ ನೌಕೆಯನ್ನು ಮೇಲಕ್ಕೊಯ್ಯುವ ರಾಕೆಟ್ಟುಗಳನ್ನು ಹಲವು ಭಾಗಗಳಾಗಿ ತಯಾರಿಸಿ ಜೋಡಿಸುತ್ತಿದ್ದರು. ಬೆಂಕಿಯ ಅನಿಲ ಸೋರದಂತೆ ಕೀಲುಗಳಲ್ಲಿ ರಬ್ಬರಿನ ಉಂಗುರಗಳನ್ನು ಇಟ್ಟಿದ್ದರು. 1985ರಲ್ಲಿಯೇ ಎಂಜಿನಿಯರರು ಈ ಉಂಗುರವನ್ನು ಬೇರೆ ಬೇರೆ ತಾಪಗಳಲ್ಲಿ ಒತ್ತಿ, ಸಡಿಲಿಸಿ ಪರೀಕ್ಷಿಸಿದ್ದರು. 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಂಗುರವು ಲೋಹದಿಂದ ಅಗಲಲೇ ಇಲ್ಲ. 24 ಡಿಗ್ರಿಯಲ್ಲಿ 2.4 ಸೆಕೆಂಡು ಅಗಲಿ ಮತ್ತೆ ಕೂಡಿಕೊಂಡಿತು. 10 ಡಿಗ್ರಿಯಲ್ಲಿ ಹತ್ತು ನಿಮಿಷ ಕಳೆದರೂ ಕೂಡಿಕೊಳ್ಳಲಿಲ್ಲ. ಚಳಿಯಲ್ಲಿ ಉಂಗುರವನ್ನು ನಂಬಬಾರದೆಂದು ಪರೀಕ್ಷೆ ಸ್ಪಷ್ಟವಾಗಿ ಹೇಳಿತ್ತು.

ಉಡಾವಣೆಯ ಹಿಂದಿನ ರಾತ್ರಿ ಎಂಜಿನಿಯರರು ಇದನ್ನೇ ಮುಂದಿಟ್ಟು ನೌಕೆಯನ್ನು ಹಾರಿಸಬಾರದೆಂದು ವಾದಿಸಿದರು. ಅಧಿಕಾರಿಗಳು ಮನ್ನಿಸಲಿಲ್ಲ. 1986ರ ಜನವರಿ 28ರಂದು, ಹವೆಯ ತಾಪ ಸುಮಾರು 2 ಡಿಗ್ರಿಯಿದ್ದಾಗ ನೌಕೆ ಮೇಲೇರಿತು. ಕೀಲಿನಿಂದ ಬೆಂಕಿ ಸೋರಿತು. 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಯಿತು. ಒಬ್ಬ ಶಾಲಾ ಶಿಕ್ಷಕಿಯೂ ಸೇರಿ ಏಳು ಮಂದಿ ಪ್ರಾಣ ತೆತ್ತರು. ಅನಂತರ ವಿಚಾರಣೆಯ ಸಭೆಯಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಂಥದೇ ರಬ್ಬರನ್ನು ಇಕ್ಕಳದಲ್ಲಿ ಒತ್ತಿಹಿಡಿದು ಹಿಮನೀರಿನಲ್ಲಿ ಅದ್ದಿದರು. ಇಕ್ಕಳವನ್ನು ಸಡಿಲಿಸಿದಾಗ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಒಂದು ಲೋಟ ನೀರು ತೋರಿಸಿದ ಸತ್ಯ ಹೊಸದೇನೂ ಆಗಿರಲಿಲ್ಲ. ಅದಕ್ಕೆ ಕಿವಿಗೊಡುವವರು ಇರಲಿಲ್ಲ, ಅಷ್ಟೆ.

ಬೆಂಗಳೂರಿನಲ್ಲಿ ಸಿದ್ಧವಾಗುವ ಉಪಗ್ರಹಗಳನ್ನು ಉಡಾವಣೆಗೆ ಮೊದಲು ಗಾಳಿಯಿಲ್ಲದ ಕೋಣೆಯಲ್ಲಿಟ್ಟು ಕಾಯಿಸಿ ತಣಿಸಿ ಪರೀಕ್ಷಿಸುತ್ತಾರೆ. ಕಕ್ಷೆಗೇರಿದ ಉಪಗ್ರಹದ ಬೆಸುಗೆ ಬಿಟ್ಟರೆ ಅದನ್ನು ದುರಸ್ತಿ ಮಾಡಲು ಅಲ್ಲಿಗೆ ಯಾರೂ ಹೋಗಲಾರರು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿ ಫಲವಿಲ್ಲ.

ಜಗತ್ತಿನ ಎಲ್ಲ ಸನ್ನಿವೇಶಗಳನ್ನೂ ಒಂದು ಕೋಣೆಯೊಳಗೆ ತರಲಾಗದು, ನಿಜ. ಆದರೆ ಪರೀಕ್ಷೆ ತೋರಿಸಿದ ಎಲ್ಲೆಯನ್ನು ಮೀರದಿರುವುದು ಮನುಷ್ಯನ ಕೈಯಲ್ಲಿದೆ. ಕೋಣೆ ವಸ್ತುವಿನ ಗುಣವನ್ನು ಒರೆಗೆ ಹಚ್ಚುತ್ತದೆ. ಅದು ಕೊಟ್ಟ ಉತ್ತರ ಮನುಷ್ಯನ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚುತ್ತದೆ. ಅಪ್ರಿಯವಾದ ಉತ್ತರವನ್ನೂ ಒಪ್ಪಿಕೊಳ್ಳುವ ಧೈರ್ಯವಿದ್ದಾಗಲೇ ಪರೀಕ್ಷೆ ಸಾರ್ಥಕ.